ದೇವಾನಂದಣ್ಣನ ಕಾಫಿ ಮತ್ತು ಟ್ಯಾಂಕಿನ ಉಪ್ಪು

ಮಾಲು ನೋಡುವ ಕಣ್ಣಿನಿಂದ ನೋಡಿದರೆ ದೇವಾನಂದಣ್ಣ ಶೋಕೇಸಿನಲ್ಲಿಡುವ ಪೀಸಲ್ಲ. ಮೈ ಬಡಕಲು, ಬಣ್ಣ ಮಾಸಿದೆ, ಸದ್ದು ಜಾಸ್ತಿ. ಆದರೂ ಮುಂಬಯಿಯ ಭಾಂಡುಪ್ ಸ್ಟೇಷನ್ನಿನ ಹೊರಗೆ ಅವರು ಕೆಲಸಕ್ಕಿದ್ದ ಹೊಟೇಲಿಗೆ ಬೆಳಿಗ್ಗೆ ಜನ ಬರುತ್ತಿದ್ದದ್ದು ಅವರ ಕಾಫಿಗೆ. ಇಡ್ಲಿ ಆಮೇಲಿನ ಮಾತು. ಕಾರ್ಕಳದ ಕಡೆಯಿಂದ ಬಂದು, ಲೋಟ ತೊಳೆದು ತೊಳೆದು ಕಾಫಿ ಒಲೆಗೆ ಬಡ್ತಿ ಪಡೆದವರು. ಆ ಒಲೆಯ ಮುಂದೆ ಬೇರೆಯವರು ನಿಂತರೆ ಮುಖ ಗಂಟಿಕ್ಕುತ್ತಾರೆ.

ನಾನು ದಾದರಿನಲ್ಲಿ ನೀರಿನ ಫಿಲ್ಟರ್ ಮಾರುವವನು. ಬೋರ್‌ವೆಲ್ ನೀರಿಗೆ ಬಾಯ್ಲರಿನೊಳಗೆ ಬಿಳಿ ಹಕ್ಕಳೆ ಕಟ್ಟುತ್ತದೆಂದು ಹೊಟೇಲಿನ ಹೊಸ ಧಣಿ ಸುಹಾಸ ನನ್ನಿಂದ ನೀರಿನ ಉಪ್ಪು ತೆಗೆಯುವ ದೊಡ್ಡ ಆರ್‌ಓ ಯಂತ್ರ ಕೊಂಡ. ಹಕ್ಕಳೆ ನಿಂತಿತು. ಕಾಫಿ ಸಪ್ಪೆಯಾಯಿತು.

"ದೇವಾನಂದಣ್ಣಾ, ಹಾಥ್ ಥಕ್ ಗಯಾ ಕ್ಯಾ? ಕೈ ಸೋತಿತಾ?" ಎಂದ ಸುಹಾಸ. " ಗಿರಾಕಿ ಎಲ್ಲ ಎದುರಿನ ಹೊಟೇಲಿಗೆ ಹೋಗ್ತಾ ಇದಾರೆ. ಸೋಮವಾರದಿಂದ ಮಶೀನ್ ಕಾಫಿ ಹಾಕ್ತೇನೆ. ನೀವು ಟೋಕನ್ ಕೊಡಿ, ಆರಾಮ್ ಸೇ."

ಟೋಕನ್ ಕೊಡುವುದೆಂದರೆ ದೇವಾನಂದಣ್ಣನಿಗೆ ಮರಳಿ ಲೋಟ ತೊಳೆದಂತೆ.

ಭಾನುವಾರ ಸುಹಾಸನ ಫೋನ್ ಬಂತು. "ಅಂಕಲ್, ನಿಮ್ಮ ಯಂತ್ರ ಮರ್ ಗಯಾ. ನೀರು ತೊಟ್ಟು ತೊಟ್ಟೇ ಬರ್ತಾ ಇದೆ."

ಹೋಗಿ ನೋಡಿದೆ. ಪಂಪು ಏದುಸಿರು ಬಿಡುತ್ತಿತ್ತು. ಯಂತ್ರಕ್ಕೆ ಬೋರಿನ ನೀರು ಇಳಿಸುವ ಮೇಲಿನ ಟ್ಯಾಂಕಿನ ನೀರು ನಾಲಿಗೆಗೆ ಹಚ್ಚಿದರೆ ಜುಹೂ ಸಮುದ್ರ!

"ಇದಕ್ಕೆ ಉಪ್ಪು ಸುರಿದವರು ಯಾರು?"

"ನಾನೇ ಮಾರಾಯ್ರೆ," ಎಂದರು ದೇವಾನಂದಣ್ಣ, ಒಂದಿಷ್ಟೂ ಅಳುಕಿಲ್ಲದೆ. "ನಿಮ್ಮ ಯಂತ್ರ ನೀರಿನ ಉಪ್ಪು ತಿನ್ತದೆ ಅಂತ ನೀವೇ ಹೇಳಿದ್ರಲ್ಲ? ಹೊಟ್ಟೆ ತುಂಬ ಹಾಕಿದೆ. ತಿಂದು ಉಳಿದದ್ದಾದರೂ ಲೋಟಕ್ಕೆ ಬರಲಿ ಅಂತ."

ಸಾರು ಸಪ್ಪೆಯಾದರೆ ಒಂದು ಹಿಡಿ ಉಪ್ಪು. ಅಡುಗೆಮನೆಯ ಕಾಯಿದೆ ಅದು. ಟ್ಯಾಂಕು ದೊಡ್ಡದು, ಅದಕ್ಕೆ ಚೀಲ.

"ಯಂತ್ರ ತಿನ್ನುವುದಿಲ್ಲ ಅಣ್ಣಾ, ತಡೆಯುತ್ತದೆ," ಎಂದೆ. "ಒಳಗೊಂದು ಹಾಳೆ ಇದೆ. ಅದರ ಸಂದುಗಳು ಕಣ್ಣಿಗಿರಲಿ, ಸೂಕ್ಷ್ಮದರ್ಶಕಕ್ಕೂ ಸುಲಭಕ್ಕೆ ಸಿಗುವುದಿಲ್ಲ. ನೀರಿನ ಕಣ ಬರಿಗೈಯಲ್ಲಿ ಲೋಕಲ್ ರೈಲು ಹತ್ತುವವನ ಹಾಗೆ ನುಸುಳುತ್ತದೆ. ಉಪ್ಪಿನ ಕಣ ಒಂಟಿಯಾಗಿ ಬರುವುದಿಲ್ಲ, ಸುತ್ತ ನೀರನ್ನು ಅಂಟಿಸಿಕೊಂಡು ದಿಬ್ಬಣದ ಸಮೇತ ಬರುತ್ತದೆ. ದಿಬ್ಬಣ ಬಿಟ್ಟು ಬರಲೊಲ್ಲದು, ಬಾಗಿಲು ಹಿಡಿಸದು. ಇತ್ತ ಕಡೆ ಉಪ್ಪು ಹೆಚ್ಚಿದಷ್ಟೂ ಅದು ನೀರನ್ನೂ ತನ್ನ ಕಡೆಗೇ ಎಳೆಯುತ್ತದೆ. ಪಂಪು ಸೋಲದೆ ಇನ್ನೇನು?"

"ಅಂದರೆ ಎಷ್ಟು ಹಾಕಿದ್ರೂ ಆಚೆ ಬರ್ಲಿಕ್ಕಿಲ್ಲ?"

"ಹೆಚ್ಚುಕಡಿಮೆ ಏನೂ ಬರದು."

"ಹಾಗಾದ್ರೆ ಬೋರಿನ ನೀರಿನಲ್ಲಿ ಮೊದಲೇ ಇದ್ದದ್ದು?"

ಅದೂ ಬಾಗಿಲಲ್ಲೇ ನಿಂತಿತ್ತು. ಬಾಯ್ಲರಿಗೆ ಹಕ್ಕಳೆ ಕಟ್ಟುವ ಖನಿಜಗಳೇ ಕಾಫಿಪುಡಿಯಿಂದ ರುಚಿ ಎಳೆಯುವುದಕ್ಕೂ ಬೇಕು. ಅವನ್ನೆಲ್ಲ ತೆಗೆಯುವುದೇ ನನ್ನ ಮಾಲಿನ ಹೆಗ್ಗಳಿಕೆ.

ಟ್ಯಾಂಕು ತೊಳೆಸಿದೆ. ಹಾಳೆಯೊಳಗೆ ಹೋಗದೆ ಪಕ್ಕದಿಂದ ಸುತ್ತಿ ಹೋಗುವ ಒಂದು ಸಣ್ಣ ಪೈಪು, ಅದಕ್ಕೊಂದು ನಲ್ಲಿ ಕೂರಿಸಿದೆ. ಕೊಂಚ ಬೋರಿನ ನೀರು ತನ್ನ ಖನಿಜಗಳ ಸಮೇತ ಬಂದು ಶುದ್ಧ ನೀರಿಗೆ ಸೇರಿತು. ನಲ್ಲಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ದೇವಾನಂದಣ್ಣ ಕಾಫಿ ಮಾಡಿ, ರುಚಿ ನೋಡಿ, ಮತ್ತೆ ಮತ್ತೆ ಚೆಲ್ಲಿದರು. ಕೊನೆಯ ಲೋಟವನ್ನು ಮಾತ್ರ ಸುಹಾಸನ ಮುಂದಿಟ್ಟರು.

ಸುಹಾಸ ಕುಡಿದ. ಇನ್ನೊಂದು ಕೇಳಿದ. ಅದು ಮುಗಿಯುವ ಮೊದಲೇ ಮಶೀನಿನವನಿಗೆ ಫೋನ್ ಮಾಡಿ ಬೇಡವೆಂದ.

"ಟೋಕನ್ ಯಾರು ಕೊಡ್ತಾರೆ ಧಣಿ?" ಎಂದು ಒಲೆಯ ಮುಂದಿನಿಂದ ದೇವಾನಂದಣ್ಣ ಕೆಣಕಿದರು.

ಈಗ ಯಾವ ಹೊಟೇಲಿಗೆ ಫಿಲ್ಟರ್ ಕೂರಿಸಿದರೂ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಲ್ಲಿಯ ಕಾಫಿ ಕುಡಿದು ನೋಡುತ್ತೇನೆ. ಅದು ನಾನು ದೇವಾನಂದಣ್ಣನಿಂದ ಕಲಿತದ್ದು.