ಪಂಪಿನ ತೊಗಲು

ಮೊನ್ನೆ ಅಮ್ಮನ ಟ್ರಂಕು ತೆಗೆದೆ. ಅವಳು ಹೋಗಿ ಬಹಳ ವರ್ಷವಾಯಿತು. ಬೀಗದ ಕೈ ಸಿಗುತ್ತಿಲ್ಲವೆಂಬ ನೆಪ ಹೇಳಿಕೊಂಡು ಹಾಗೇ ಬಿಟ್ಟಿದ್ದೆ. ಮುಚ್ಚಳ ಎತ್ತಿದೊಡನೆ ಮೂಗಿಗೆ ಬಡಿದದ್ದು ಕರ್ಪೂರ, ಅದರ ಹಿಂದೆಯೇ ಗ್ರೀಸು. ಅಮ್ಮನ ಸೀರೆಗಳ ನಡುವೆ ಗ್ರೀಸಿಗೇನು ಕೆಲಸ? ತಡಕಿದರೆ ಅಡಿಯಲ್ಲಿ ಒಂದು ಬಟ್ಟೆಯ ಗಂಟು. ಅದನ್ನು ಬಿಚ್ಚುವ ಮೊದಲು ನಿಮಗೆ ನನ್ನ ಎದೆಯ ಸಮಾಚಾರ ಹೇಳಿಬಿಡಬೇಕು.

ಅರವತ್ತರ ದಶಕದ ಕೊನೆಯ ಮಾತು. ನನಗೆ ಇಪ್ಪತ್ತಮೂರು. ಊರು ಬುಕ್ಕಾಪಟ್ಟಣದ ಹತ್ತಿರ, ಮೇಷ್ಟರ ಕೆಲಸ ಮಧುಗಿರಿಯಲ್ಲಿ. ಭಾನುವಾರ ಗೆಳೆಯರು ಬೆಟ್ಟ ಹತ್ತಿದರೆ ನಾನು ಕೆಳಗೆ ಕೂತು ಅವರ ಚಪ್ಪಲಿ ಕಾಯುತ್ತಿದ್ದೆ. ಹತ್ತು ಮೆಟ್ಟಿಲಿಗೇ ಏದುಸಿರು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಒಂದು ವಾಲ್ವನ್ನು ಕೆಡಿಸಿದೆ, ಮದರಾಸಿನ ಕಡೆ ಒಂದು ಆಸ್ಪತ್ರೆಯಲ್ಲಿ ಎದೆ ತೆರೆದು ಹೊಸದು ಕೂರಿಸುತ್ತಾರೆ, ಇಲ್ಲದಿದ್ದರೆ ಎರಡು ವರ್ಷ ಕಳೆಯುವುದೂ ಕಷ್ಟ ಎಂದರು ಬೆಂಗಳೂರಿನ ಡಾಕ್ಟರು. ಕಾಗದದ ಮೇಲೆ ಬರೆದೂ ತೋರಿಸಿದರು: ತಂತಿಯ ಗೂಡು, ಒಳಗೆ ಬೋರೆಹಣ್ಣಿನಷ್ಟು ಗುಂಡು. ಹೆದರಬೇಕಿತ್ತು, ಹೆದರಿದೆ ಕೂಡ. ಆದರೆ ಆ ಗುಂಡು ಸವೆಯುತ್ತದೆಯೇ, ಹೃದಯ ಬಿಚ್ಚಿದಾಗ ರಕ್ತ ಎಲ್ಲಿರುತ್ತದೆ ಎಂದು ಕೇಳಿ ಕೇಳಿ ಅವರ ಪ್ರಾಣ ತಿಂದೆ. “ಆಪರೇಷನ್ ಮಾಡಿಸ್ಕೊಳ್ಳೋರು ನೀವೋ, ಮಾಡೋರೋ?” ಎಂದರು.

ಊರಿಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಹೇಳಬಾರದ್ದನ್ನೂ ಹೇಳಿದೆ: ಅಷ್ಟು ಹೊತ್ತು ಹೃದಯವನ್ನು ನಿಲ್ಲಿಸಿರುತ್ತಾರಂತೆ.

“ನಿಂತ್ಮೇಲೆ ಇನ್ನೇನ್ಲಾ ಉಳೀತು? ಬ್ಯಾಡ ಬುಡು.”

ಅಪ್ಪ ಇರಲಿಲ್ಲ. ಅವಳು ಒಪ್ಪದೆ ಹೊರಡುವ ಧೈರ್ಯ ನನಗೂ ಇರಲಿಲ್ಲ. ಹೀಗೆ ತಿಂಗಳು ಕಳೆಯಿತು.

ಆಗ ನಮ್ಮ ಬಾವಿಯ ಪಂಪು ಕೆಟ್ಟು, ಶಿರಾದಿಂದ ಖಾದರ್ ಸಾಬರು ಬಂದರು. ಪೈಪು ಎಳೆದು, ಅದರ ತುದಿಯ ವಾಲ್ವು ಬಿಚ್ಚಿ, ಒಳಗಿನ ತೊಗಲಿನ ಬಿಲ್ಲೆಯನ್ನು ಜಗಲಿಗೆ ತಂದು ತೋರಿಸಿದರು. “ನೋಡ್ರಮ್ಮಾ, ಸವೆದೋಗಿ ಬಾಯಿ ಮುಚ್ತಾನೇ ಇಲ್ಲ. ಏರಿದ ನೀರೆಲ್ಲ ವಾಪಸ್ ಬಾವಿಗೇ. ಇಂಜಿನ್ ಪಾಪ, ಖಾಲಿ ಬಡ್ಕೊಂತದೆ.”

“ಅಮ್ಮಾ, ನಂದೂ ಇದೇ ಕಣಮ್ಮ!” ಎಂದು ಕೂಗಿಬಿಟ್ಟೆ. ಕಾಯಿಲೆಗೆ ಅಷ್ಟು ಸಂತೋಷಪಟ್ಟವನನ್ನು ಸಾಬರು ಕಂಡಿರಲಿಕ್ಕಿಲ್ಲ.

ಅಮ್ಮ ನನ್ನತ್ತ ನೋಡಲಿಲ್ಲ. “ಸಾಬ್ರೇ, ಹೊಸದು ಹಾಕೋವಾಗ ಇಂಜಿನ್ ನಿಲ್ಲುಸ್ಲೇಬೇಕಾ?”

“ನಿಲ್ಲುಸ್ಬೇಕಮ್ಮ.”

“ನಿಂತಿದ್ದು ತಿರುಗ ಓಡ್ದೇ ಹೋದ್ರೆ?”

ಸಾಬರು ಕೈ ಒರೆಸಿಕೊಂಡರು. “ಅದು ಮೇಲಿರೋ ಮಾಲಿಕನ್ ಕೈಲೈತೆ. ಆದ್ರೆ ಇಂಗೇ ಬುಟ್ರೆ ಒಂದಿನ ತಾನೇ ನಿಲ್ತದೆ. ಆವಾಗ ಯಾರ್ ಬಂದ್ರೂ ಓಡಲ್ಲ.”

ಬಿಚ್ಚಿದ ಹಳೇ ಸಾಮಾನನ್ನು ಯಜಮಾನರ ಕೈಗೆ ಕೊಡದೆ ಹೊರಡುವವರಲ್ಲ ಅವರು. ಏನು ಕೆಟ್ಟಿತ್ತೆಂದು ಮನೆಯವರು ಕಣ್ಣಾರೆ ಕಾಣಬೇಕು. ತೊಗಲನ್ನು ಅಮ್ಮನತ್ತ ಚಾಚಿದರು. ಚಪ್ಪಲಿ ಹೊಸ್ತಿಲು ದಾಟಿದರೆ ನೆಲ ಸಾರಿಸುವ ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಸಾಬರು ಅದನ್ನು ಜಗಲಿಯ ಮೇಲಿಟ್ಟು ಹೋದರು.

ಸಂಜೆ ಅಮ್ಮ ಹೇಳಿದಳು: “ಹೋಗ್ಬುಟ್ಟು ಬಾ. ಆದ್ರೆ ಹಳೇದು ಇಸ್ಕಂಡೇ ಬರ್ಬೇಕು. ನಾನು ನೋಡ್ಬೇಕು.”

ಆಸ್ಪತ್ರೆಯಲ್ಲಿ ಹಾಗೇ ಕೇಳಿದೆ. ಸರ್ಜನ್ನರು ನಕ್ಕು, ಮೊದಲು ಹೊಸದು ಹಾಕೋಣ ಎಂದರು. ಮಾರನೆಯ ದಿನ ನನ್ನನ್ನು ಗಾಡಿಯ ಮೇಲೆ ಮಲಗಿಸಿ ಆಪರೇಷನ್ನಿಗೆ ತಳ್ಳಿಕೊಂಡು ಹೋಗುವಾಗ ನನ್ನ ಕುತೂಹಲ ಎಲ್ಲಿ ಹೋಯಿತೋ, ಅಮ್ಮ ಬೇಕು ಅನ್ನಿಸಿತು, ಅಷ್ಟೇ. ಎಚ್ಚರವಾದಾಗ ಟಿಕ್ ಟಿಕ್ ಸದ್ದು. ಯಾರೋ ಗಡಿಯಾರ ಮರೆತು ಹೋಗಿದ್ದಾರೆ ಎಂದುಕೊಂಡೆ. ನೋಡಿದರೆ ನಾನೇ! ಹಳೆಯದನ್ನು ಮಾತ್ರ ಕೊಡಲಿಲ್ಲ. ವಿದ್ಯಾರ್ಥಿಗಳಿಗೆ ತೋರಿಸಲು ಸೀಸೆಯಲ್ಲಿಟ್ಟರಂತೆ. ಮೇಷ್ಟರ ವಾಲ್ವು, ಪಾಠಕ್ಕೇ ಹೋಯಿತು.

ಎರಡು ತಿಂಗಳಾದ ಮೇಲೆ ಊರಿಗೆ ಬಂದೆ. ಅಮ್ಮ ಬಾಗಿಲಲ್ಲೇ ಕೇಳಿದಳು: “ಎಲ್ಲಲಾ ಹಳೇದು?”

“ಕೊಡ್ಲಿಲ್ಲಮ್ಮ.”

ಬೈಗುಳಕ್ಕೆ ಸಿದ್ಧನಾದೆ. ಅವಳು ನನ್ನ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಳು. “ಓಡ್ತಾ ಐತೆ ಕಣ್ಲಾ” ಎಂದು ಒಳಗೆ ಹೋದಳು. ಹಳೆಯದರ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಈಗ ಗಂಟು ಬಿಚ್ಚಿದೆ. ಸಾಬರ ತೊಗಲು! ಎಂದೋ ತಿಪ್ಪೆ ಸೇರಿರಬೇಕೆಂದು ನಾನು ತಿಳಿದಿದ್ದೆ. ಅದರ ಮೇಲೆ ಮೂರು ಬೆರಳಿನ ವಿಭೂತಿ. ಒಂದು ದಿನದ್ದಲ್ಲ, ಪಟ್ಟೆಯ ಮೇಲೆ ಪಟ್ಟೆ ಎಳೆದೆಳೆದು ಗಾರೆಯಂತೆ ಗಟ್ಟಿಯಾಗಿತ್ತು. ನಡುವೆ ಕುಂಕುಮ. ನಾನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಮ್ಮ ಇದನ್ನು ಕೈಯಾರೆ ಮುಟ್ಟಿ, ದೇವರ ಮುಂದಿಟ್ಟು ಪೂಜೆ ಮಾಡಿದ್ದಾಳೆ. ಗುಂಡು ಸವೆಯುತ್ತದೆಯೇ, ರಕ್ತ ಎಲ್ಲಿರುತ್ತದೆ ಎಂದು ಲೋಕವನ್ನೆಲ್ಲ ಕೇಳಿದವನು, ಆ ಎರಡು ತಿಂಗಳು ನೀನು ಹೆಂಗಿದ್ದೆ ಎಂದು ಅವಳನ್ನು ಒಂದು ಸಲವೂ ಕೇಳಲಿಲ್ಲ. ಟ್ರಂಕಿನ ಮುಂದೆ ಕೂತು ಅತ್ತೆ.

ಆಮೇಲೆ ಎದ್ದು ಅದನ್ನು ದೇವರ ಗೂಡಿನಲ್ಲಿಟ್ಟೆ. ದೀಪ ಹಚ್ಚಲು ಬಂದ ಹೆಂಡತಿ ಹೌಹಾರಿದಳು. “ಅಯ್ಯೋ ಶಿವನೇ, ಇದೇನ್ರೀ ತೊಗಲು ಇಲ್ಲಿ? ಯಾರ್ದು?”

“ನಂದೇ ಕಣೆ,” ಎಂದೆ. “ಹಳೇದು.”