ಎರೆಭೂತದ ನಡಿಗೆ

ಮೊಮ್ಮಗಳು ಇವತ್ತು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಇದ್ಯಾವ ಹಕ್ಕಿ, ಅಜ್ಜಾ?" ಎಂದಳು. ಬಿಳಿ ಕುತ್ತಿಗೆ, ಕರಿ ಟೋಪಿ.

ನಿಜಾಮರ ಕಾಲ, ನಾನಾಗ ಸಣ್ಣ ಹುಡುಗ. ಜವಳಗೇರಾದ ನಮ್ಮ ಎರೆಮಣ್ಣಿನ ಹೊಲದಲ್ಲಿ, ಜೋಳದ ಕೂಳೆಯ ನಡುವೆ ಕರುವಿನೆತ್ತರದ ಇದೇ ಹಕ್ಕಿ ಕಂಡು ಚೀರಿದ್ದೆ.

ಅವ್ವ ಗದರಿದಳು: "ಒದರಬ್ಯಾಡಲೇ! ನಡಿಗಿ ನೋಡು. ಹೆದರಿದ್ರೂ ತಟ್ಟನ ಹಾರಂಗಿಲ್ಲ, ತಹಶೀಲ್ದಾರ ಸಾಹೇಬ್ರಂಗ ತಲಿ ಎತ್ತಿ ನಡಕೋತ ಹೋಗ್ತೈತಿ. ಎರೆಭೂತ ಅದು. ಒಣ ಎರಿಹೊಲ ಬಿಟ್ರ ಎಲ್ಲೂ ಬಾಳಂಗಿಲ್ಲ."

ಮುಂದೆ ಕಾಲುವೆ ಬಂತು. ಅದೇ ಅವ್ವ ಮೊದಲ ನೀರಿಗೆ ಕಾಯಿ ಒಡೆದಳು, ನಾವೆಲ್ಲ ಕುಣಿದೆವು. ಹಕ್ಕಿಯ ನೆನಪು ಯಾರಿಗೂ ಆಗಲಿಲ್ಲ.

ಮೊಮ್ಮಗಳಿಗೆ ಹೆಸರು ಹೇಳಿದೆ, ಅವ್ವ ಹೇಳಿದ ನಡಿಗೆಯ ಮಾತನ್ನೂ. "ಹೆಂಗ ನಡೀತೈತಿ ಅದು?" ಎಂದಳು.

ಹೊರಗೆ ಕಣ್ಣು ಹಾಯುವವರೆಗೂ ಭತ್ತದ ಗದ್ದೆ, ನಿಂತ ನೀರು. ಕೋಲು ಬದಿಗಿಟ್ಟು, ತಲೆ ಎತ್ತಿ, ಅಂಗಳದಲ್ಲಿ ನಾನೇ ನಡೆದು ತೋರಿಸಿದೆ.