ಚಾಮರಾಜ ತಂದ ಕುಂಬಳಕಾಯಿ

ಅರಬ್ ನಾಡಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಆ ವಿಲ್ಲಾದಲ್ಲಿ ಚಾಮುಂಡೇಶ್ವರಿ ಅಡುಗೆಗೆ, ಅವಳ ಗಂಡ ಚಾಮರಾಜ ಕಾರಿಗೆ, ನಾನು ಮಕ್ಕಳನ್ನು ನೋಡಿಕೊಳ್ಳುವುದಕ್ಕೆ. ಅವರಿಬ್ಬರ ಒಬ್ಬನೇ ಮಗ ನಂಜನಗೂಡಿನಲ್ಲಿ ಕಾಲೇಜು ಓದುತ್ತಿದ್ದ. ಒಡತಿ ಪ್ಯಾಟ್ರಿಶಿಯಾ ದಕ್ಷಿಣ ಆಫ್ರಿಕಾದವಳು. ಶುಕ್ರವಾರದ ಊಟಕ್ಕೆ ಅವಳ ಅಜ್ಜಿ ಮಾಡುತ್ತಿದ್ದಂಥ ಸಿಹಿಗುಂಬಳವೇ ಆಗಬೇಕು. ಬೆಣ್ಣೆ, ಕಂದು ಸಕ್ಕರೆ, ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಬೇಕು, ಹನಿ ನೀರು ಬೀಳಬಾರದು. ಚಾಮುಂಡಿ ಮೊದಲ ಸಲ ಅದಕ್ಕೂ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಬೈಸಿಕೊಂಡಿದ್ದಳು.

ಆಮೇಲೆ ಎಲ್ಲ ಕಲಿತಳು. ಆದರೆ ಇಡೀ ಕಾಯಿಗೆ ಮಾತ್ರ ಚಾಕು ಹಾಕುತ್ತಿರಲಿಲ್ಲ. ಕುಂಬಳಕಾಯಿ ಎಂದರೆ ಮನೆಯ ಹಿರಿಮಗನಂತೆ. ಹೆಂಗಸು ಅದನ್ನು ಮೊದಲು ಹೋಳು ಮಾಡಿದರೆ ಮಗನಿಗೆ ಕೇಡಂತೆ. ಹಾಗಾಗಿ ಅಲ್ ಮೀನಾದ ತರಕಾರಿ ಮಾರುಕಟ್ಟೆಯಿಂದ ಕಾಯಿ ತರುವವನೂ ಚಾಮರಾಜನೇ, ಎರಡು ಹೋಳು ಮಾಡಿಕೊಡುವವನೂ ಅವನೇ.

ಆ ವಾರ ಕಾಯಿ ತಂದಿಟ್ಟ ಮರುದಿನವೇ ಅವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಹೆಣ ಶುಕ್ರವಾರ ಸಂಜೆಯ ವಿಮಾನಕ್ಕೆ ಹೊರಡುವುದಿತ್ತು. ವೀಸಾ ನವೀಕರಣಕ್ಕೆ ಕೊಟ್ಟ ಚಾಮುಂಡಿಯ ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಶವಾಗಾರದಲ್ಲಿ ಪೆಟ್ಟಿಗೆ ಮುಚ್ಚುವುದರೊಳಗೆ ಒಮ್ಮೆ ಮುಖ ನೋಡಿಕೊಳ್ಳಬೇಕು, ಅವಳಿಗೆ ಉಳಿದದ್ದು ಅಷ್ಟೇ.

ಪ್ಯಾಟ್ರಿಶಿಯಾ ಏನೆಂದಳು ಗೊತ್ತೇ? ನೆಂಟರು ಬರುತ್ತಾರೆ, ಕುಂಬಳ ಬೇಯಿಸಿಟ್ಟು ಹೋಗು, ಟ್ಯಾಕ್ಸಿ ತರಿಸುತ್ತೇನೆ ಎಂದಳು. ಅವಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕಾಯಿ ಹೋಳು ಮಾಡಲು ಮನೆಯಲ್ಲಿ ಗಂಡಸರೇ ಇಲ್ಲ. ಯಜಮಾನರು ಕಡಲ ಎಣ್ಣೆ ಬಾವಿಯ ಕೆಲಸಕ್ಕೆ ಹೋಗಿದ್ದರು. ಗೇಟಿನ ಕಾವಲುಗಾರ ಜುಮಾ ನಮಾಜಿಗೆ ಹೋಗಿದ್ದ. ನಾನೇ ಚಾಕು ತೆಗೆದುಕೊಂಡೆ. ಚಾಮುಂಡಿ ನನ್ನ ಕೈ ಹಿಡಿದಳು.

"ಬ್ಯಾಡ ರೊಸಲಿನಕ್ಕ. ಅವ್ರು ತಂದ ಕಾಯಿ ಇದು, ಯಾವ ಹೆಂಗ್ಸು ಕುಯ್ದ್ರೂ ಕೇಡು ನಮ್ಮನೆಗೇ. ಅವರಂತೂ ಹೋದ್ರು, ನಂಗಿನ್ನು ಇರೋದು ಒಬ್ಬ ಮಗ."

"ಎಂತ ಮಾರಾಯ್ತಿ ನಿನ್ನದು? ಅಲ್ಲಿ ಪೆಟ್ಟಿಗೆ ಮುಚ್ಚಿ ಆಗ್ತದೆ. ನೀನು ಹೋಗು, ಇದನ್ನು ನಾನು ನೋಡಿಕೊಳ್ತೇನೆ."

"ನಾನ್ ಹೋದ್ರೆ ನೀವು ಕುಯ್ದೇ ಕುಯ್ತೀರ."

ಹೌದು, ಕುಯ್ಯುತ್ತಿದ್ದೆ. ಅವಳು ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಗೇಟಿನ ಬಳಿ ಕೂತಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕಾವಲುಗಾರ ಬಂದು ಹೋಳು ಮಾಡಿಕೊಟ್ಟ. ಅದು ಬೆಂದ ಮೇಲೆ ಇಬ್ಬರೂ ಟ್ಯಾಕ್ಸಿ ಹತ್ತಿದೆವು. ನಾವು ಮುಟ್ಟುವಾಗ ಪೆಟ್ಟಿಗೆಗೆ ಮೊಳೆ ಹೊಡೆದು ಗಾಡಿಗೆ ಏರಿಸಿಯಾಗಿತ್ತು. ಅವಳು ಗಾಡಿಯ ಬಾಗಿಲನ್ನು ಸವರಿದಳು.

ಮರುದಿನ ಸಂಜೆ ಮಗನ ಫೋನು ಬಂತು.

"ಪೆಟ್ಗೆ ತೆಗಿಬ್ಯಾಡಿ ಅಂದ್ಬುಟ್ರು ಕಣವ್ವ, ಹಂಗೇ ಮಣ್ಣು ಮಾಡುದ್ವಿ. ನೀನಾದ್ರೂ ನೋಡ್ದಲ್ಲ. ಅಪ್ಪ ಹೆಂಗಿದ್ದ?"

ಚಾಮುಂಡಿ ನನ್ನ ಮುಖ ನೋಡಿದಳು.

"ಮಲ್ಗಿರೋ ಹಂಗಿದ್ರು ಕಣಪ್ಪ" ಎಂದಳು.